ಕೋಳಿಯನ್ನು ಕೇಳಿ ಗೂಡು ಕಟ್ಟುವುದು

"ಕೋಳಿ ಕೇಳಿ ಖಾರ ಅರೀತಾರಾ?" ಅಂತ ನಮ್ಮ ಕಡೆ ಒಂದು ಗಾದೆ. ಊರೊಟ್ಟಿನ ತೀರ್ಮಾನಗಳನ್ನು ನಾಲ್ಕೇ ಜನ ಕೂತು ಮಾಡುವವರ ಬಾಯಲ್ಲಿ ಈ ಗಾದೆ ಸದಾ ಸಿದ್ಧವಾಗಿರುತ್ತದೆ. ತೀರ್ಮಾನ ಯಾರ ಕತ್ತಿನ ಮೇಲೆ ಬೀಳುತ್ತದೋ ಅವರನ್ನು ಕೇಳಬೇಕಾಗಿಲ್ಲ ಅನ್ನುವುದು ಇದರ ಅರ್ಥ. ಒರಳುಕಲ್ಲಿನ ಮುಂದೆ ಗಾದೆ ನಿಜವಿರಬಹುದು. ಆದರೆ ಹೊತ್ತು ಮುಳುಗುವ ಹೊತ್ತಿಗೆ ಅದು ಸುಳ್ಳಾಗುತ್ತದೆ. ಗೂಡಿಗೆ ಬರಲೊಲ್ಲೆ ಅಂತ ಒಂದು ಹ್ಯಾಟೆ ನುಗ್ಗೇಮರ ಹತ್ತಿ ಕೂತುಬಿಟ್ಟರೆ ಮನೆಮಂದಿಯೆಲ್ಲ ಕೆಳಗೆ ನಿಂತು ಕತ್ತೆತ್ತಿ ಅದನ್ನು ಕೇಳಲೇಬೇಕಾಗುತ್ತದೆ. ಬಾ ಅನ್ನುತ್ತಾರೆ, ಬೈಯುತ್ತಾರೆ, ಕಾಳು ಚೆಲ್ಲುತ್ತಾರೆ, ಕಲ್ಲು ತೂರುತ್ತಾರೆ. ಅದು ಮಾತ್ರ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಎಲ್ಲರನ್ನೂ ನೋಡುತ್ತದೆ. ಖಾರ ಅರೆಯುವಾಗ ಕೇಳದವರು ಗೂಡಿಗೆ ಕರೆಯುವಾಗ ಕೇಳಿಯೇ ಕೇಳುತ್ತಾರೆ.

ನಾವು ಇಲ್ಲಿ ಬರೆಯಹೊರಟಿರುವುದು ಈ ಕೋಳಿಯ ಬಗ್ಗೆ. ಬರೆಯೋಕೆ ಬೇರೆ ವಿಷಯ ಸಿಗಲಿಲ್ಲವಾ ಅಂತ ಕೆಲವು ಗೆಳೆಯರು ನಗಬಹುದು. ನಗಲಿ. ಎಕರೆಗಟ್ಟಲೆ ಭೂಮಿ ಇರುವವನಿಗೆ ಕೋಳಿ ಅಂದರೆ ಭಾನುವಾರದ ಊಟ. ಅಂಗೈಯಗಲ ನೆಲವೂ ಇಲ್ಲದ ಮನೆಯಲ್ಲಿ ಕೋಳಿ ಅಂದರೆ ಹೆಂಗಸಿನ ಗಂಟು. ಗಂಡನ ಕಣ್ಣಿಗೆ ಬೀಳದ, ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ಸೇರದ, ಅವಳೊಬ್ಬಳದೇ ಆದ ಗಂಟು. ಅದರ ಮೊಟ್ಟೆ ಮಾರಿ ಉಪ್ಪು ಬರುತ್ತದೆ, ಸೀಮೆಎಣ್ಣೆ ಬರುತ್ತಿತ್ತು, ನೋಟ್‌ಬುಕ್ಕು ಬರುತ್ತದೆ, ಪರೀಕ್ಷೆಯ ಫೀಜು ಬರುತ್ತದೆ. ನಮ್ಮ ಕೇರಿಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಲ್ಲಿ ಎಷ್ಟೋ ಜನರ ಡಿಗ್ರಿ ಸರ್ಟಿಫಿಕೇಟಿನ ಹಿಂದೆ ಕೋಳಿಯ ಕಾಲಿನ ಗೀರು ಇದೆ. ಆದ್ದರಿಂದ ಒಂದು ರಾತ್ರಿ ಕೋಳಿ ಗೂಡಿಗೆ ಬರಲಿಲ್ಲ ಅನ್ನುವುದು ನಮಗೆ ನಗೆಯ ಮಾತಲ್ಲ.

ಇನ್ನೊಂದು ಕಾರಣವೂ ಇದೆ. ಒಬ್ಬರ ಒಳ್ಳೇದಕ್ಕೆ ಅಂತ ಅವರಿಗೆ ಇಷ್ಟವಿಲ್ಲದ ಕಡೆಗೆ ಅವರನ್ನು ಎಳಕೊಂಡು ಹೋಗುವ ಹಕ್ಕು ಯಾರಿಗಾದರೂ ಇದೆಯಾ? ಇದ್ದರೆ ಆ ಹಕ್ಕು ಎಲ್ಲಿಂದ ಬಂತು? ಇದನ್ನು ತತ್ವಶಾಸ್ತ್ರದವರು ದಪ್ಪ ಪುಸ್ತಕಗಳಲ್ಲಿ ಕೇಳುತ್ತಾರೆ. ನಮ್ಮ ಹಟ್ಟಿಗಳಲ್ಲಿ ಅದು ದಿನಾ ದೀಪ ಹಚ್ಚುವ ಹೊತ್ತಿಗೆ ಎದುರಾಗುತ್ತದೆ.

ಮೊದಲು ಕೋಳಿಯ ಸ್ವಭಾವ ನೋಡೋಣ. ಕೋಳಿಗೆ ಹಗಲಿನಲ್ಲಿ ಕಣ್ಣು ಬಲು ಚುರುಕು. ಕತ್ತಲಾದರೆ ಕಾಣೋದು ತೀರಾ ಕಡಿಮೆ. ಆದ್ದರಿಂದ ಬೆಳಕು ಇಳಿಯುತ್ತಿದ್ದಂಗೇ ಅದಕ್ಕೆ ಒಂದು ತವಕ ಶುರುವಾಗುತ್ತದೆ. ಎಲ್ಲಿ ಮಲಗಿ ರೂಢಿಯೋ ಅಲ್ಲಿಗೆ ಕಾಲು ತಾನೇ ತಾನಾಗಿ ನಡೆಯುತ್ತದೆ. ಯಾರೂ ಅಟ್ಟಬೇಕಾಗಿಲ್ಲ. ಅದರ ಮೂಲದವರು ಕಾಡುಕೋಳಿಗಳು. ಹಗಲೆಲ್ಲ ನೆಲ ಕೆದಕಿ ಮೇಯ್ದು, ರಾತ್ರಿ ಮರದ ಕೊಂಬೆ ಹಿಡಿದು ಮಲಗುವ ಜಾತಿ ಅವು. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯಿಂದ ಊರುಕೋಳಿ ಹುಟ್ಟಿತು ಅನ್ನುತ್ತಾರೆ ವಿಜ್ಞಾನಿಗಳು. ನಮ್ಮ ಪಶ್ಚಿಮಘಟ್ಟದಲ್ಲಿ ಇವತ್ತಿಗೂ ಕೂಗುವ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ. ಊರುಕೋಳಿಯ ಕಾಲಿನ ಹಳದಿ ಬಣ್ಣ ಈ ಬೂದು ಕೋಳಿಯಿಂದ ಬಂದದ್ದು ಅಂತ 2008ರಲ್ಲಿ ತಿಳಿಯಿತು. 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಕೋಳಿ ಮನುಷ್ಯನ ಜೊತೆಗೆ ಬಂದು ಸುಮಾರು 3,500 ವರ್ಷ. ಬತ್ತ, ನವಣೆಯಂಥ ಬೆಳೆ ಬೆಳೆದ ಕಡೆ ಚೆಲ್ಲಿದ ಕಾಳಿಗಾಗಿ ಅದು ಮರ ಇಳಿದು ಬಂತು. ಅಂದರೆ ನಮ್ಮಿಬ್ಬರ ಸಂಬಂಧ ಕಾಳಿನಿಂದ ಶುರುವಾಯಿತು. ಮಂಕರಿ ಬಂದದ್ದು ಆಮೇಲೆ.

ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ಗೂಡಿಗೆ ಬರುವುದೇ ಕೋಳಿಯ ವಾಡಿಕೆ. ಬಾರದಿರುವುದಕ್ಕೆ ಕಾರಣ ಇರುತ್ತದೆ. ಕಾರಣ ಹುಡುಕುವ ಮೊದಲು ಮನುಷ್ಯ ಒಂದು ಹೆಸರು ಇಟ್ಟುಬಿಡುತ್ತಾನೆ: "ಹಟಮಾರಿ ಕೋಳಿ." ಹೆಸರಿಟ್ಟ ಮೇಲೆ ಹುಡುಕುವ ಕೆಲಸ ಮುಗಿಯಿತು. ತಪ್ಪೆಲ್ಲ ಕೋಳಿಯ ಮಂಡೆಯೊಳಗೆ ಹೋಯಿತು, ಗೂಡು ನಿರಪರಾಧಿಯಾಯಿತು. ಹಟ ಅನ್ನೋದು ಎಂಥ ಅನುಕೂಲದ ಮಾತು ನೋಡಿ! ಬಲ ಇರುವವನು ಒಪ್ಪದಿದ್ದರೆ ಅದಕ್ಕೆ ನಿಲುವು ಅನ್ನುತ್ತಾರೆ, ಬಲ ಇಲ್ಲದ್ದು ಒಪ್ಪದಿದ್ದರೆ ಅದು ಹಟ.

ಕೋಳಿ ಸಾಕಿದ ಹೆಂಗಸರನ್ನು ಕೇಳಿದರೆ ಕಾರಣಗಳು ಒಂದೊಂದಾಗಿ ಹೊರಗೆ ಬರುತ್ತವೆ. ಗೂಡಿನ ಸಂದಿಗಳಲ್ಲಿ ನುಸಿ ಬಿದ್ದಿದ್ದರೆ ಕೋಳಿ ಒಳಗೆ ಕಾಲಿಡೋದಿಲ್ಲ. ಈ ನುಸಿ ಬಲು ಕಿಲಾಡಿ. ಹಗಲೆಲ್ಲ ಬಿರುಕಿನಲ್ಲಿ ಅಡಗಿರುತ್ತದೆ, ರಾತ್ರಿ ಹೊರಗೆ ಬಂದು ಮಲಗಿದ ಕೋಳಿಯ ರಕ್ತ ಹೀರುತ್ತದೆ. ಬೆಳಗಿನ ಬೆಳಕಲ್ಲಿ ಯಜಮಾನ ಬಗ್ಗಿ ನೋಡಿದರೆ ಗೂಡು ಶುದ್ಧವಾಗಿ ಕಾಣುತ್ತದೆ. ರಾತ್ರಿಯ ಸಂಗತಿ ರಾತ್ರಿ ಅಲ್ಲಿ ಮಲಗಿದವರಿಗೆ ಮಾತ್ರ ಗೊತ್ತು. ಈ ಮಾತನ್ನು ಓದುವವರು ಒಂದು ಗಳಿಗೆ ನಿಂತು ಯೋಚಿಸಬೇಕು.

ಇನ್ನೊಂದು ಕಾರಣ, ಒಳಗಿನ ಕೋಳಿಗಳೇ. ನಾರ್ವೆಯ ಶೆಲ್ಡರುಪ್-ಎಬ್ಬೆ ಅನ್ನುವವನು ಚಿಕ್ಕಂದಿನಿಂದಲೂ ಕೋಳಿಗಳನ್ನು ನೋಡುತ್ತಾ ಬೆಳೆದು, 1922ರಲ್ಲಿ ಒಂದು ವಿಷಯ ಪ್ರಕಟಿಸಿದ. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಶ್ರೇಣಿ ಇರುತ್ತದೆ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಅದು ಇನ್ನೂ ಕೆಳಗಿನದನ್ನು. ಎಲ್ಲಕ್ಕಿಂತ ಕೆಳಗಿನ ಕೋಳಿ ಎಲ್ಲರ ಕೊಕ್ಕಿಗೂ ಬೆನ್ನು ಕೊಡಬೇಕು. ಬಯಲಿನಲ್ಲಿ ಅದು ಓಡಿ ತಪ್ಪಿಸಿಕೊಳ್ಳುತ್ತದೆ. ಗೂಡಿನಲ್ಲಿ ಓಡುವುದು ಎಲ್ಲಿಗೆ? ಎಲ್ಲ ಕೋಳಿಗಳೂ ಒಳಗೆ ಹೋದ ಮೇಲೂ ಬಾಗಿಲ ಮುಂದೆ ಒಂದೇ ಒಂದು ಕೋಳಿ ಹೋಗಲೋ ಬೇಡವೋ ಅಂತ ಕಾಲೆತ್ತಿ ನಿಂತಿರುತ್ತದಲ್ಲ, ಅದರ ತಲೆಯ ಹಿಂಬದಿಯ ಪುಕ್ಕ ಸರಿಸಿ ನೋಡಿ. ಗಾಯ ಇರುತ್ತದೆ. ಉಳಿದ ಕೋಳಿಗಳಿಗೆ ಅದು ಗೂಡು, ಆ ಒಂದಕ್ಕೆ ಅದು ಏಟು ತಿನ್ನುವ ಜಾಗ. ಬಾಗಿಲು ಒಂದೇ, ಒಳಗಿನ ರಾತ್ರಿ ಬೇರೆ ಬೇರೆ. ಶ್ರೇಣಿ ಅಂದರೇನು ಅಂತ ಬಲ್ಲ ನಮಗೆ ಇದನ್ನು ನಾರ್ವೆಯವನೇ ಬಂದು ಹೇಳಬೇಕಾಗಿರಲಿಲ್ಲ.

ಇನ್ನೂ ಇವೆ. ಸಂತೆಯಿಂದ ತಂದ ಹೊಸ ಕೋಳಿಗೆ ಇದು ತನ್ನ ಮನೆ ಅನ್ನುವುದೇ ಗೊತ್ತಿರುವುದಿಲ್ಲ. ಒಂದು ವಾರ ಒಳಗೇ ಇಟ್ಟು ನೀರು ಕಾಳು ಕೊಟ್ಟರೆ ಆಮೇಲೆ ತಾನಾಗಿ ಬರುತ್ತದೆ. ಬೇಲಿಯ ಸಂದಿಯಲ್ಲೆಲ್ಲೋ ಗುಟ್ಟಾಗಿ ಮೊಟ್ಟೆಯಿಟ್ಟು ಕಾವಿಗೆ ಕೂತ ಹ್ಯಾಟೆ, ಪ್ರಾಣ ಹೋದರೂ ಅದನ್ನು ಬಿಟ್ಟು ಬರೋದಿಲ್ಲ. ಹಿಂದಿನ ರಾತ್ರಿ ಗೂಡಿಗೆ ಹಾವು ನುಗ್ಗಿದ್ದರೆ ಕೋಳಿ ಆ ಕಡೆಗೆ ತಲೆಯೇ ಹಾಕೋದಿಲ್ಲ. ಐದು ಕೋಳಿಯ ಗೂಡಿಗೆ ಹನ್ನೆರಡು ತುಂಬಿದರೆ ಸೆಖೆಗೆ ಉಸಿರು ಕಟ್ಟುತ್ತದೆ. ಹೊರಗೆ ಇನ್ನೂ ಸಂಜೆಯ ಬೆಳಕಿದ್ದು ಗೂಡಿನೊಳಗೆ ಆಗಲೇ ಕಗ್ಗತ್ತಲಾಗಿದ್ದರೆ ಕಣ್ಣು ಕಾಣದ ಗವಿಯೊಳಗೆ ಯಾವ ಬುದ್ಧಿಯಿರುವ ಜೀವ ನುಗ್ಗುತ್ತದೆ?

ಇಷ್ಟು ಕಾರಣಗಳಲ್ಲಿ ಹಟ ಅನ್ನೋದು ಎಲ್ಲಿದೆ ಹೇಳಿ.

ಈಗ ಮನುಷ್ಯ ಏನು ಮಾಡುತ್ತಾನೆ ನೋಡೋಣ. ಬಾರದ ಕೋಳಿಯನ್ನು ತರುವುದಕ್ಕೆ ಲೋಕದಲ್ಲಿ ನಾಲ್ಕು ದಾರಿಗಳಿವೆ. ಕೋಲು, ಕಾಳು, ಕತ್ತಲೆ, ಪೊರಕೆ.

ಕೋಲಿನ ದಾರಿ ಎಲ್ಲರಿಗೂ ಗೊತ್ತು. ಹುಡುಗರು ಕಲ್ಲು ತೂರುತ್ತಾರೆ, ಗಂಡಸರು ಗಳ ಹಿಡಿದು ತಿವಿಯುತ್ತಾರೆ. ಕೋಳಿ ಕೆಳಗೆ ಬೀಳುತ್ತದೆ, ಬಿದ್ದದ್ದು ಗೂಡಿನ ಕಡೆಗಲ್ಲ, ಬೇಲಿಯ ಕಡೆಗೆ ಓಡುತ್ತದೆ. ಅಜ್ಜಿಯರು ಇದನ್ನು ಕಂಡು ಕೂಗುತ್ತಾರೆ: "ಹೊಡೀಬ್ಯಾಡ ಕಣ್ಲಾ ಮೊಗ, ಇವತ್ತು ಮರದ ಮ್ಯಾಲೆ ಕೂತದೆ, ನಾಳೀಕೆ ಊರು ಬುಟ್ಟೋಯ್ತದೆ." ಈ ಮಾತಿನಲ್ಲಿ ಕರುಣೆಗಿಂತ ಲೆಕ್ಕ ಜಾಸ್ತಿ ಇದೆ, ಲೆಕ್ಕ ಸರಿಯಾಗಿಯೂ ಇದೆ. ಹೆದರಿಸಿ ಒಳಗೆ ಹಾಕಿದರೆ ಆ ಹೆದರಿಕೆ ಗೂಡಿಗೇ ಅಂಟಿಕೊಳ್ಳುತ್ತದೆ. ಕೋಲು ಒಂದು ರಾತ್ರಿ ಗೆದ್ದು ಮುಂದಿನ ನೂರು ರಾತ್ರಿ ಸೋಲುತ್ತದೆ.

ಕಾಳಿನ ದಾರಿ ಸೌಮ್ಯವಾದದ್ದು. ರಾಗಿಯೋ ಜೋಳದ ನುಚ್ಚೋ ಅಂಗಳದಿಂದ ಗೂಡಿನ ಬಾಗಿಲವರೆಗೆ ಚೆಲ್ಲುತ್ತಾ, "ಬಾ ಬಾ ಬಾ" ಅಂತ ದನಿ ಮಾಡುತ್ತಾ ಹೋಗುವುದು. ನೋಡುವವರ ಕಣ್ಣಿಗೆ ಎಷ್ಟು ಚೆಂದ! ಆದರೆ ನೀತಿಯ ಪ್ರಶ್ನೆ ಇಲ್ಲೇ ತೊಡಕಾಗುವುದು. ಜಾತಕ ಕತೆಗಳಲ್ಲಿ ಒಂದು ಕುಕ್ಕುಟ ಜಾತಕ ಅಂತ ಇದೆ. ಹುಂಜವೊಂದು ಮರದ ಮೇಲೆ, ಹೆಣ್ಣು ಬೆಕ್ಕೊಂದು ಬುಡದಲ್ಲಿ. ಬೆಕ್ಕು ಹುಂಜದ ಚೆಲುವನ್ನು ಹೊಗಳುತ್ತದೆ, ಕೆಳಗೆ ಬಾ, ನಿನ್ನ ಹೆಂಡತಿಯಾಗಿರುತ್ತೇನೆ ಅನ್ನುತ್ತದೆ. ತನ್ನ ಬಳಗವನ್ನು ತಿಂದು ಮುಗಿಸಿದ ಬಾಯಿ ಅದು ಅಂತ ಹುಂಜಕ್ಕೆ ಗೊತ್ತು. ಇಳಿಯೋದಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಭಾರ್ಹುತ್ ಸ್ತೂಪದ ಕಲ್ಲಿನಲ್ಲಿ ಈ ಕತೆಯನ್ನು ಕೆತ್ತಿದ್ದಾರೆ. ಮರದ ಮೇಲಿನ ಕೋಳಿಯನ್ನು ಹಟಮಾರಿ ಅನ್ನದೆ ವಿವೇಕಿ ಅಂದ ಕತೆ ಅದು. ಆ ಕತೆಯಲ್ಲಿ ಬೋಧಿಸತ್ವ ಇರುವುದು ಕೆಳಗಿನಿಂದ ಕರೆಯುವವರಲ್ಲಲ್ಲ. ಕೊಂಬೆಯ ಮೇಲಿನ ಹುಂಜವೇ ಬೋಧಿಸತ್ವ.

ಇಂಗ್ಲೆಂಡಿನ ಬರ್ಟ್ರಾಂಡ್ ರಸೆಲ್ 1912ರಲ್ಲಿ ತತ್ವಶಾಸ್ತ್ರದ ಸಮಸ್ಯೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಕೋಳಿಯನ್ನು ತರುತ್ತಾನೆ. ದಿನಾ ಕಾಳು ಹಾಕಿದ ಮನುಷ್ಯನೇ ಕೊನೆಗೊಂದು ದಿನ ಅದರ ಕತ್ತು ಮುರಿಯುತ್ತಾನೆ. ನಿನ್ನೆ ನಡೆದದ್ದು ನಾಳೆಯೂ ನಡೆಯುತ್ತದೆ ಅಂತ ನಂಬುವುದು ಎಷ್ಟು ಸರಿ ಅನ್ನುವುದು ಅವನ ಪ್ರಶ್ನೆ. ಅವನು ಅದನ್ನು ತಿಳಿವಳಿಕೆಯ ಪ್ರಶ್ನೆಯಾಗಿ ಕೇಳಿದ. ನಾವು ಅದನ್ನು ನಂಬಿಕೆಯ ಪ್ರಶ್ನೆಯಾಗಿ ಕೇಳಬೇಕು. ಕೋಳಿ ಎಷ್ಟು ದಡ್ಡ ಅಂತ ಕೇಳಿದರೆ ಸಾಲದು, ಕಾಳು ಹಾಕಿದ ಕೈ ಎಂಥದ್ದು ಅಂತ ಕೇಳಬೇಕು. ನಮ್ಮ ಮನೆಗಳಲ್ಲೂ ನೆಂಟರು ಬಂದರೆ ಕೋಳಿ ಹಿಡಿಯುವುದು ಬೆಳಗಿನ ಜಾವ, ಗೂಡಿನಿಂದಲೇ. ಹಗಲು ಅಟ್ಟಾಡಿಸಿ ಹಿಡಿಯುವುದಕ್ಕಿಂತ ಅದು ಸುಲಭ. ಅಂದರೆ ನಂಬಿ ಒಳಗೆ ಬಂದ ಕೋಳಿಯೇ ಮೊದಲು ಕೈಗೆ ಸಿಗುತ್ತದೆ. ಮರದ ಮೇಲಿನದು ಉಳಿಯುತ್ತದೆ.

ಮೂರನೆಯದು ಕತ್ತಲೆಯ ದಾರಿ. ಅನುಭವಸ್ಥರು ಕೂಗಾಡುವುದಿಲ್ಲ. ಸುಮ್ಮನೆ ಕಾಯುತ್ತಾರೆ. ಪೂರಾ ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣೋದಿಲ್ಲ, ಕೂತಲ್ಲೇ ಕಲ್ಲಾಗುತ್ತದೆ. ಆಗ ಮೆಲ್ಲಗೆ ಹೋಗಿ ಎರಡೂ ರೆಕ್ಕೆ ಸೇರಿಸಿ ಹಿಡಿದು ಎದೆಗವುಚಿಕೊಂಡು ತಂದು ಒಳಗೆ ಬಿಟ್ಟರೆ ಒಂದು ಸದ್ದಿಲ್ಲ. ಕೋಳಿಗೆ ನೋವಿಲ್ಲ, ಓಡಾಟವಿಲ್ಲ. ಮೂರರಲ್ಲಿ ಇದೇ ಒಳ್ಳೆಯದು ಅಂತ ಸಾಕಿದವರೆಲ್ಲ ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಮೊದಮೊದಲ ನಾಲ್ಕಾರು ರಾತ್ರಿ ಹೀಗೆ ತಂದು ಬಿಟ್ಟರೆ ರೂಢಿಯೂ ಬೀಳುತ್ತದೆ. ಆದರೆ ಇದನ್ನು ಕೋಳಿಯ ಒಪ್ಪಿಗೆ ಅಂತ ಕರೆಯಬಾರದು. ಕಣ್ಣು ಕಾಣದ ಹೊತ್ತಿನಲ್ಲಿ ಸುಮ್ಮನಿದ್ದದ್ದನ್ನು ಸಮ್ಮತಿ ಅಂತ ಬರೆದುಕೊಳ್ಳುವುದು ಲೋಕದ ಹಳೇ ಚಾಳಿ. ಸಹಿ ಮಾಡಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡವರ ಚರಿತ್ರೆ ನಮಗೆ ಗೊತ್ತಿಲ್ಲವೇ? ಕತ್ತಲಲ್ಲಿ ಎತ್ತಿ ತರುವುದು ಕೆಲವೊಮ್ಮೆ ಬೇಕಾಗುತ್ತದೆ. ಬೇಕಾದದ್ದನ್ನು ಮಾಡೋಣ. ಅದಕ್ಕೆ ಒಪ್ಪಿಗೆಯ ಹೆಸರು ಮಾತ್ರ ಬೇಡ.

ನಾಲ್ಕನೆಯದು ಪೊರಕೆ. ಇದು ಕೋಳಿಯ ತಂಟೆಗೇ ಹೋಗುವುದಿಲ್ಲ, ಗೂಡಿಗೆ ಹೋಗುತ್ತದೆ. ಹಿಕ್ಕೆ ಗುಡಿಸಿ, ಸಂದಿಗೆ ಸುಣ್ಣ ಬಳಿದು, ಬೂದಿ ಚೆಲ್ಲಿ, ಬಿಸಿಲಿಗೆ ಮಂಕರಿ ಒಣಗಿಸಿ, ಗಾಳಿಗೆ ಒಂದು ಕಿಂಡಿ ಬಿಟ್ಟು, ಕೂರುವುದಕ್ಕೆ ಅಡ್ಡಗಳ ಕಟ್ಟಿ, ಏಟು ತಿನ್ನುವ ಕೋಳಿಗೆ ಬೇರೆ ಮೂಲೆ ಮಾಡಿ, ಸಂಜೆಯ ಕಾಳನ್ನು ದಿನಾ ಒಳಗೇ ಹಾಕಿ, ಹೊತ್ತು ಮುಳುಗುವಾಗ ಒಳಗೊಂದು ಸಣ್ಣ ದೀಪ ಇಡುವುದು. ಮರದಲ್ಲಿ ಕೂರುವ ಆಸೆ ಅದರ ರಕ್ತದಲ್ಲೇ ಇದೆಯಲ್ಲ, ಅದಕ್ಕೇ ಗೂಡಿನೊಳಗೇ ಒಂದು ಕೊಂಬೆ ಕೊಟ್ಟರೆ ಅರ್ಧ ತಕರಾರು ಮುಗಿಯಿತು. ಈ ದಾರಿಯಲ್ಲಿ ಬೆವರು ಸುರಿಯುವುದು ಯಜಮಾನನದು. ಉಳಿದ ಮೂರು ದಾರಿಗಳು ಕೋಳಿಯನ್ನು ಬದಲಿಸುತ್ತವೆ, ಪೊರಕೆ ಒಂದೇ ಗೂಡನ್ನು ಬದಲಿಸುತ್ತದೆ. ಅದಕ್ಕೇ ಅದು ಎಲ್ಲರಿಗೂ ಕೊನೆಗೆ ನೆನಪಾಗುತ್ತದೆ.

ಇಲ್ಲಿ ಕವಿ ಗೆಳೆಯರು ಎದ್ದು ನಿಲ್ಲುತ್ತಾರೆ. "ಗೂಡೇ ಯಾಕೆ? ಮರದ ಮೇಲೆ ಕೂತ ಕೋಳಿಯೇ ನಿಜವಾದ ಬಂಡಾಯಗಾರ. ಅದನ್ನು ಅಲ್ಲೇ ಬಿಡಿ" ಅನ್ನುತ್ತಾರೆ. ನಾವೂ ಪದ್ಯ ಬರೆಯುವವರೇ. ಈ ರೂಪಕದ ರುಚಿ ನಮಗೂ ಗೊತ್ತು. ಆದರೆ ರಾತ್ರಿ ಎರಡು ಗಂಟೆಗೆ ಆ ಮರಕ್ಕೆ ಪುನುಗುಬೆಕ್ಕು ಹತ್ತುತ್ತದೆ, ಗೂಬೆ ಎರಗುತ್ತದೆ. ಕೆಳಗೆ ಇಳಿದರೆ ಕಾಡುಬೆಕ್ಕಿದೆ, ನರಿಯಿದೆ. ಬೆಳಿಗ್ಗೆ ಮರದ ಬುಡದಲ್ಲಿ ಸಿಗುವುದು ನಾಲ್ಕು ಪುಕ್ಕ. ಪದ್ಯ ಬರೆದವನು ಅಷ್ಟೊತ್ತಿಗೆ ಬಾಗಿಲು ಭದ್ರ ಮಾಡಿ ಮಲಗಿರುತ್ತಾನೆ. ಕಾಡುಕೋಳಿಗೆ ಮರ ಮನೆ. ಹಗುರ ಮೈ, ಬಲವಾದ ರೆಕ್ಕೆ, ಒಂದು ಎಲೆ ಅಲುಗಿದರೂ ಹಾರುವ ಎಚ್ಚರ ಅದಕ್ಕಿದೆ. ಊರುಕೋಳಿಯ ಆ ಎಚ್ಚರವನ್ನು ಮನುಷ್ಯ ತಲೆಮಾರುಗಟ್ಟಲೆ ಕಳೆಸಿದ್ದಾನೆ. ಮಾಂಸ ಹೆಚ್ಚಲಿ, ಮೊಟ್ಟೆ ಹೆಚ್ಚಲಿ ಅಂತ ಆರಿಸಿ ಆರಿಸಿ ಮೈ ಭಾರ ಮಾಡಿದ್ದಾನೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ಕೋಳಿಯನ್ನು ನಾಟಿ ಕೋಳಿಯ ಪಕ್ಕ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ, ಯಾವುದು ಮರ ಹತ್ತೀತು, ಯಾವುದು ಹತ್ತಲಾರದು ಅಂತ. ಒಬ್ಬರ ರೆಕ್ಕೆಯ ಬಲ ತೆಗೆದು ಆಮೇಲೆ "ಹೋಗು, ನೀನು ಸ್ವತಂತ್ರ" ಅನ್ನುವುದು ಬಿಡುಗಡೆಯಲ್ಲ. ಅದು ಕೈ ತೊಳಕೊಳ್ಳುವುದು. ಸಾಕಿದವನಿಗೆ ಋಣ ಇದೆ. ಆ ಋಣದಲ್ಲಿ ರಾತ್ರಿಯ ಕಾವಲೂ ಒಂದು.

ಇನ್ನೊಂದು ಕಡೆಯಿಂದ ಇನ್ನೊಂದು ಆಕ್ಷೇಪ ಬರುತ್ತದೆ, ಇದು ಗಟ್ಟಿಯಾದದ್ದು. "ಕೊಯ್ದು ತಿನ್ನುವವರು ನೀವು. ನಿಮಗೇಕೆ ಕಾವಲಿನ ಮಾತು? ನರಿಗೆ ಸಿಗಬಾರದು, ನಮಗೇ ಸಿಗಲಿ ಅಂತ ತಾನೇ ಗೂಡಿಗೆ ಹಾಕುವುದು?" ಹೌದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೋಳಿಯ ಹಿತಕ್ಕೂ ನಮ್ಮ ಹಿತಕ್ಕೂ ಗೂಡಿನ ಬಾಗಿಲು ಒಂದೇ.

ಕಾಲೇಜಿನಲ್ಲಿ ನಮಗೆ ಜನ್ನನ ಯಶೋಧರ ಚರಿತೆಯ ಕತೆ ಹೇಳಿದರು. 1209ರ ಕಾವ್ಯ. ಯಶೋಧರ ರಾಜ ಜೀವದ ಕೋಳಿಯನ್ನು ಬಲಿ ಕೊಡಲಾರೆ ಅಂತ ಹಿಟ್ಟಿನ ಕೋಳಿ ಮಾಡಿ ದೇವಿಯ ಮುಂದೆ ಕಡಿಯುತ್ತಾನೆ. ರಕ್ತ ಹರಿಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದರಿಂದ ಅವನೂ ಅವನ ತಾಯಿಯೂ ಪ್ರಾಣಿಗಳ ಜನ್ಮದಲ್ಲಿ ಅಲೆಯುತ್ತಾರೆ, ಕೋಳಿಗಳಾಗಿಯೂ ಹುಟ್ಟುತ್ತಾರೆ. ಕೈ ಏನು ಮಾಡಿತು ಅನ್ನುವುದಕ್ಕಿಂತ ಮನಸ್ಸು ಏನು ಎಣಿಸಿತು ಅನ್ನುವುದು ದೊಡ್ಡದು ಅಂತ ಆ ಕತೆ. ದೊಡ್ಡ ಮಾತೇ ಸರಿ. ಆದರೆ ನಮ್ಮ ಹಟ್ಟಿಯಲ್ಲಿ ಕೂತು ಯೋಚಿಸಿದರೆ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಸಂಕಲ್ಪ ಶುದ್ಧ ಇದೆ ಅಂದುಕೊಂಡವರು ಗೂಡಿನೊಳಗೆ ಬಗ್ಗಿ ನೋಡುವುದಿಲ್ಲ. "ನಾವು ಕೋಳಿ ಮುಟ್ಟುವವರಲ್ಲ" ಅನ್ನುವವರ ಮನಸ್ಸಿನಲ್ಲಿ ಹಿಂಸೆಯಿಲ್ಲದಿರಬಹುದು, ಕೋಳಿಯ ಕಡೆಗೆ ಕರ್ತವ್ಯವೂ ಇಲ್ಲ. ತಿನ್ನುವ ಹೆಂಗಸಿನ ಮನಸ್ಸಿನಲ್ಲಿ ಕೊಲ್ಲುವ ಎಣಿಕೆ ಎಂದೋ ಒಂದು ದಿನಕ್ಕೆ ಇದೆ. ಆದರೆ ಅಲ್ಲಿಯವರೆಗಿನ ಎಲ್ಲ ರಾತ್ರಿಗಳಲ್ಲೂ ಮಳೆ ಬಂದರೆ ಎದ್ದು ಮಂಕರಿಯ ಮೇಲೆ ಗೋಣಿ ಹೊದಿಸುವವಳು ಅವಳೇ. ಕೊಕ್ಕರೆ ರೋಗ ಬಂದು ಕೋಳಿ ತೂಕಡಿಸಿದರೆ ಬಾಯಿಗೆ ನೀರು ಬಿಡುವವಳು ಅವಳೇ. ಸಂಕಲ್ಪದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಈ ರಾತ್ರಿಗಳೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ನಮ್ಮ ಕತ್ತಿಗೆ ಹೂವು ಏರಿಸುತ್ತಿಲ್ಲ. ನಾವು ಹೇಳುವುದು ಇಷ್ಟೇ. ಒಂದು ದಿನ ಕೊಯ್ಯುತ್ತೇವೆ ಅನ್ನುವುದು ಉಳಿದ ದಿನಗಳ ಹಿಂಸೆಗೆ ರಹದಾರಿಯಲ್ಲ. ಉಳಿದ ದಿನ ಚೆನ್ನಾಗಿ ನೋಡಿಕೊಂಡೆವು ಅನ್ನುವುದು ಆ ಒಂದು ದಿನವನ್ನು ಅಳಿಸುವುದೂ ಇಲ್ಲ. ಎರಡೂ ಲೆಕ್ಕಗಳು ಪಕ್ಕಪಕ್ಕದಲ್ಲೇ ಇರಬೇಕು. "ನಿನ್ನ ಒಳ್ಳೇದಕ್ಕೇ ಕರೀತಿದೀನಿ" ಅನ್ನುವವನು ತನ್ನ ಒಳ್ಳೇದು ಅದರಲ್ಲಿ ಎಷ್ಟಿದೆ ಅಂತಲೂ ಹೇಳಬೇಕು. ಹೇಳದಿದ್ದರೆ ಅವನು ಬೆಕ್ಕಿನ ಕಡೆಯವನು.

ಈಗ ಬಾರದ ಕೋಳಿಯ ಸಮಸ್ಯೆಯೇ ಇಲ್ಲದ ಒಂದು ಲೋಕ ತೋರಿಸುತ್ತೇವೆ. ತಮಿಳುನಾಡಿನ ನಾಮಕ್ಕಲ್ಲಿನಿಂದ ಹಿಡಿದು ನಮ್ಮ ಬಯಲುಸೀಮೆಯವರೆಗೆ ಉದ್ದುದ್ದ ಶೆಡ್ಡುಗಳಿವೆ. ಒಳಗೆ ತಂತಿಯ ಪಂಜರಗಳು, ಒಂದರ ಮೇಲೊಂದು. ಒಂದೊಂದು ಕೋಳಿಗೆ ಹೆಚ್ಚೂ ಕಮ್ಮಿ ಒಂದು ಹಾಳೆ ಕಾಗದದಷ್ಟು ಜಾಗ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣು ಕೆದಕುವಂತಿಲ್ಲ. ಕಾಲಕೆಳಗಿನ ತಂತಿ ಇಳಿಜಾರಾಗಿದೆ, ಇಟ್ಟ ಮೊಟ್ಟೆ ಆ ಕ್ಷಣವೇ ಉರುಳಿ ಹೊರಗೆ ಹೋಗುತ್ತದೆ. ಒಂದನ್ನೊಂದು ಕುಕ್ಕಬಾರದು ಅಂತ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಮೊಟ್ಟೆ ಹೆಚ್ಚಲಿ ಅಂತ ದೀಪ ಉರಿಸಿ ಸಂಜೆಯನ್ನೇ ಮುಂದೂಡಿರುತ್ತಾರೆ. ಅಲ್ಲಿ ಯಾವ ಕೋಳಿಯೂ ಗೂಡಿಗೆ ಬರಲೊಲ್ಲೆ ಅನ್ನುವುದಿಲ್ಲ. ಹೊರಗೆ ಹೋದರೆ ತಾನೇ ಒಳಗೆ ಬಾರದಿರುವುದು! ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ, ಅಲುಗಾಡಲು ಸಾಕಷ್ಟು ಉದ್ದ ಅಗಲ ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ ಅನ್ನುತ್ತದೆ. ಯುರೋಪಿನ ಒಕ್ಕೂಟ ಇಂಥ ಬರಿಯ ತಂತಿ ಪಂಜರಗಳನ್ನು 2012ರಿಂದ ನಿಷೇಧಿಸಿತು. ಕಾನೂನು ಪುಸ್ತಕದಲ್ಲಿದೆ, ಕೋಳಿ ಪಂಜರದಲ್ಲಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. 2021ರ ಡಿಸೆಂಬರಿನಲ್ಲಿ ರಾಜ್ಯದ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ನಮ್ಮ ಈ ಮಾತು ಅವರ ಕೈಗೆ ಕೋಲಾಗಬಾರದು. ಹಸಿದ ಮಗುವಿನ ತಟ್ಟೆಯ ಮೊಟ್ಟೆ ಆ ಮಗುವಿನ ಹಕ್ಕು. ಕೋಳಿಯ ಪರವಾಗಿ ಮಾತಾಡುತ್ತೇವೆ ಅಂತ ಮಗುವಿನ ತಟ್ಟೆಗೆ ಕೈ ಹಾಕುವವರು ಕೋಳಿಯ ಕಡೆಯವರೂ ಅಲ್ಲ, ಮಗುವಿನ ಕಡೆಯವರೂ ಅಲ್ಲ. ಮೊಟ್ಟೆಯೂ ಇರಬೇಕು, ಮೊಟ್ಟೆಯಿಟ್ಟದ್ದಕ್ಕೆ ರೆಕ್ಕೆ ಬಿಚ್ಚುವಷ್ಟು ಜಾಗವೂ ಇರಬೇಕು. ಎರಡನ್ನೂ ಒಟ್ಟಿಗೆ ಕೇಳುವುದಕ್ಕೆ ನಮಗೆ ನಾಚಿಕೆಯಿಲ್ಲ.

ಪಂಜರದ ಲೋಕದಿಂದ ನಾವು ಕಲಿಯುವುದೇನು? ನಮ್ಮ ನುಗ್ಗೇಮರದ ಕೋಳಿ ಎಷ್ಟೇ ಕಾಟ ಕೊಡಲಿ, ಅದರ ಹತ್ತಿರ ಒಂದು ಸೊತ್ತು ಇದೆ: ಒಲ್ಲೆ ಅನ್ನುವ ಅವಕಾಶ. ಅದು ಒಲ್ಲೆ ಅಂದದ್ದರಿಂದಲೇ ಗೂಡಿನಲ್ಲಿ ನುಸಿ ಇರುವುದು ನಮಗೆ ತಿಳಿಯಿತು. ಅದರ ಒಲ್ಲೆ ಅನ್ನುವುದೇ ಅದರ ಬಾಯಿ, ಅದರ ಅರ್ಜಿ, ಅದರ ಧರಣಿ. ಪಂಜರದ ಕೋಳಿ ಒಲ್ಲೆ ಅನ್ನಲಾರದು, ಆದ್ದರಿಂದ ಪಂಜರದ ಯಜಮಾನ ಎಂದೂ ಏನನ್ನೂ ಕಲಿಯಲಾರ. ತನ್ನ ಕೈಕೆಳಗಿನವರಿಂದ ನಿರಾಕರಣೆಯ ಶಕ್ತಿಯನ್ನೇ ಕಿತ್ತುಕೊಂಡ ಅಧಿಕಾರ, ತಾನು ಕೆಟ್ಟಿದ್ದೇನೆ ಅಂತ ತಿಳಿಯುವ ಒಂದೇ ದಾರಿಯನ್ನೂ ಮುಚ್ಚಿಕೊಳ್ಳುತ್ತದೆ. ಅಲ್ಲಿ ಶಿಸ್ತು ಇರುತ್ತದೆ, ಸದ್ದಿರುವುದಿಲ್ಲ. ನೋಡಿದವರು "ಎಷ್ಟು ಸುವ್ಯವಸ್ಥೆ" ಅನ್ನುತ್ತಾರೆ.

ಕೋಳಿಯ ಮಾತನ್ನು ಮನುಷ್ಯರಿಗೆ ಹಾಗೇ ಅನ್ವಯಿಸುವುದು ತಪ್ಪು. ಮನುಷ್ಯನನ್ನು ಅವನ ಒಳ್ಳೇದಕ್ಕೆ ಅಂತ ಗೂಡಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ, ಅವನಿಗೆ ನಾಲಿಗೆ ಇದೆ, ಅವನನ್ನು ಕೇಳಬಹುದು. ಆದರೂ ಕೇಳಬಹುದಾದವರನ್ನೇ ಕೇಳದಿರುವಾಗ ಕೋಳಿಯಿಂದ ಪಾಠ ಬೇಕಾಗುತ್ತದೆ. ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಗೆ ಬಾರದ ಹುಡುಗನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆಯುತ್ತೀರಿ. ಅವನ ಮನೆಗೆ ಹೋಗಿ "ಯಾಕ್ಲಾ ಬರಾಕಿಲ್ಲ" ಅಂತ ಗದರಿಸುತ್ತೀರಿ, ಇಲ್ಲವೇ ಬಿಸಿಯೂಟ ಇದೆ ಬಾ ಅಂತ ಕರೆಯುತ್ತೀರಿ. ಒಂದು ಕೋಲಿನ ದಾರಿ, ಇನ್ನೊಂದು ಕಾಳಿನ ದಾರಿ. ಶಾಲೆಯ ಒಳಗೆ ಅವನನ್ನು ಯಾರು ಕುಕ್ಕುತ್ತಿದ್ದಾರೆ, ಅವನು ಕೂರುವ ಮೂಲೆ ಯಾವುದು, ನೀರಿನ ಲೋಟ ಅವನ ಕೈಗೆ ಹೇಗೆ ಸಿಗುತ್ತದೆ ಅಂತ ನೋಡಿದ್ದೀರಾ? ಹಗಲಿನ ತಪಾಸಣೆಗೆ ಬಂದ ಇನ್ಸ್‌ಪೆಕ್ಟರಿಗೆ ಗೂಡು ಶುದ್ಧವಾಗಿಯೇ ಕಾಣುತ್ತದೆ.

ನಮ್ಮ ತೀರ್ಮಾನ ಹೀಗಿದೆ. ಬಾರದ ಕೋಳಿಯನ್ನು ಗೂಡಿಗೆ ತರುವ ಹಕ್ಕು ಸಾಕಿದವರಿಗೆ ಇದೆ. ಅದು ಒಡೆತನದಿಂದ ಬಂದ ಹಕ್ಕಲ್ಲ, ಸಾಕಿದ ಋಣದಿಂದ ಬಂದದ್ದು. ಋಣದಿಂದ ಬಂದ ಹಕ್ಕಿಗೆ ಷರತ್ತುಗಳಿರುತ್ತವೆ. ಹೊರಗಿನ ಅಪಾಯ ನಿಜವಾಗಿರಬೇಕು. ಒಳಗಿನ ರಾತ್ರಿ ಹೊರಗಿನ ರಾತ್ರಿಗಿಂತ ಒಳ್ಳೇದಿರಬೇಕು, ಗುಂಪಿನಲ್ಲಿ ಎಲ್ಲಕ್ಕಿಂತ ಕೆಳಗಿರುವ ಕೋಳಿಗೂ ಒಳ್ಳೇದಿರಬೇಕು. ತರುವವನು ತನ್ನ ಲಾಭವನ್ನು ಮುಚ್ಚಿಡಬಾರದು. ಬೆಳಿಗ್ಗೆ ಬಾಗಿಲು ತೆರೆಯಬೇಕು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಗೂಡಿಗೂ ಪಂಜರಕ್ಕೂ ಇರುವ ವ್ಯತ್ಯಾಸ ರಾತ್ರಿ ಕಾಣುವುದಿಲ್ಲ, ರಾತ್ರಿ ಎರಡರ ಬಾಗಿಲೂ ಮುಚ್ಚಿರುತ್ತದೆ. ಬೆಳಗಾದ ಮೇಲೆ ಗೊತ್ತಾಗುತ್ತದೆ.

ಆದ್ದರಿಂದ ಗೆಳೆಯರೇ, ಈ ಸಂಜೆ ನಿಮ್ಮ ಹಟ್ಟಿಯ ಕೋಳಿಯೊಂದು ಬರಲೊಲ್ಲೆ ಅಂದರೆ ಕೈಯಲ್ಲಿರುವ ಕಲ್ಲು ಕೆಳಗೆ ಹಾಕಿ. ಕತ್ತಲಾಗಲಿ, ಮೆಲ್ಲಗೆ ಎತ್ತಿಕೊಂಡು ಬನ್ನಿ, ಈ ಒಂದು ರಾತ್ರಿಗೆ ಸಾಕು. ಅದನ್ನು ಒಳಗೆ ಬಿಡುವ ಮೊದಲು ನಿಮ್ಮ ಬರಿಗೈಯನ್ನು ಗೂಡಿನೊಳಗೆ ತೂರಿಸಿ ನೂರು ಎಣಿಸುವವರೆಗೆ ಹಾಗೇ ಇಡಿ. ಕೈ ತುರಿಸಲು ಶುರುವಾದರೆ ನಾಳೆಯ ಮೊದಲ ಕೆಲಸ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.